ಜೋತುಬಿದ್ದ ಹೊಟ್ಟೆಯ ಚರ್ಮ: ಮೊದಲು ತೂಕದ ವಿಚಾರ

ಈ ತಿಂಗಳು ತಾಯಿಯೊಬ್ಬರ ಪತ್ರವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅವರ ಎತ್ತರ 155 ಸೆಂಟಿಮೀಟರು. ಎರಡು ವರ್ಷಗಳ ಹಿಂದೆ 108 ಕಿಲೋ ಇದ್ದ ತೂಕವನ್ನು ಪಥ್ಯ, ನಡಿಗೆಗಳಿಂದ 84ಕ್ಕೆ ತಂದಿದ್ದಾರೆ, ಇನ್ನೂ ಇಳಿಯುತ್ತಿದೆ. ಕೊಬ್ಬು ಕರಗಿದರೂ ಚರ್ಮವು ಕಿಬ್ಬೊಟ್ಟೆಯ ಮೇಲೆ ಜೋತುಬಿದ್ದಿದೆ. ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತದೆ. ಪೂಜೆಗೆ ಕುಳಿತರೆ ಉರಿ. ವೈಶಾಖದಲ್ಲಿ ಮಗಳ ಮದುವೆ, ಅಷ್ಟರೊಳಗೆ ಶಸ್ತ್ರಕ್ರಿಯೆ ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ.

ನಾನು ವೈದ್ಯನಲ್ಲ. ಬಲ್ಲವರನ್ನು ವಿಚಾರಿಸಿ ತಿಳಿದುದನ್ನು ಹೇಳುತ್ತೇನೆ: ತಾಯಿ, ಈ ವೈಶಾಖಕ್ಕೆ ಬೇಡ.

ಈ ಶಸ್ತ್ರಕ್ರಿಯೆ ಹೊಸದಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಹೊವಾರ್ಡ್ ಕೆಲ್ಲಿ ಎಂಬ ವೈದ್ಯರು 1899ರಷ್ಟು ಹಿಂದೆಯೇ ಇದನ್ನು ಮಾಡಿದ್ದರು. ಆದರೆ ಇದು ತೂಕ ಇಳಿಸುವ ಉಪಾಯವಲ್ಲ, ಇಳಿದ ಮೇಲೆ ಉಳಿದುದನ್ನು ತೆಗೆಯುವ ಕೆಲಸ. ಕೊಯ್ತವು ಹೊಟ್ಟೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೂ ಹೋಗುತ್ತದೆ. ಕೊಬ್ಬಿನಲ್ಲಿ ರಕ್ತಸಂಚಾರ ಕಡಿಮೆ. ಅದು ದಪ್ಪವಾಗಿದ್ದಷ್ಟೂ ಹೊಲಿಗೆಯ ಅಂಚಿಗೆ ರಕ್ತ ತಲುಪುವುದು ಕಷ್ಟ. ಆದ್ದರಿಂದ ಗಾಯ ಬಿಟ್ಟುಕೊಳ್ಳುವುದು, ಕೀವಾಗುವುದು, ಚರ್ಮದಡಿ ನೀರು ತುಂಬುವುದು ಸ್ಥೂಲಕಾಯರಲ್ಲಿ ಹೆಚ್ಚು. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರಂತೂ ಪ್ರಾಣಕ್ಕೇ ಅಪಾಯ. ನಿದ್ರೆಯಲ್ಲಿ ಗೊರಕೆ ಹೊಡೆಯುತ್ತ ಉಸಿರು ನಿಂತು ನಿಂತು ಬರುವವರಿಗೆ ಅರಿವಳಿಕೆಯೂ ಸುಲಭವಲ್ಲ.

ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕದ ಸೂಚ್ಯಂಕ ಬರುತ್ತದೆ. ಈ ತಾಯಿಯದು ಈಗ ಸುಮಾರು 35. ಅನೇಕ ಶಸ್ತ್ರವೈದ್ಯರು ಅದು 30ರ ಒಳಗೆ ಬರಲಿ ಎನ್ನುತ್ತಾರೆ. ಅಂದರೆ ಇವರು 72 ಕಿಲೋದ ಆಸುಪಾಸಿಗೆ ಬರಬೇಕು. (ಬೆಲ್ಜಿಯಮ್ಮಿನ ಗಣಿತಜ್ಞ ಕೆಟ್ಲೆ 19ನೆಯ ಶತಮಾನದಲ್ಲಿ ಜನಸಮೂಹವನ್ನು ಅಳೆಯಲು ಕಂಡುಕೊಂಡ ಲೆಕ್ಕವಿದು, ಒಬ್ಬೊಬ್ಬರ ಆರೋಗ್ಯವೆಲ್ಲ ಅದರಲ್ಲಿ ಅಡಗಿದೆಯೆಂದು ಭ್ರಮಿಸಬಾರದು.) ಬಂದ ತೂಕ ಆರು ತಿಂಗಳಾದರೂ ಸ್ಥಿರವಾಗಿ ನಿಲ್ಲಬೇಕು. ಇಳಿಯುತ್ತಿರುವಾಗಲೇ ಕೊಯ್ಸಿಕೊಂಡರೆ ಚರ್ಮ ಮತ್ತೆ ಸಡಿಲಾದೀತು.

ಹುಣ್ಣು ಯಾವ ಔಷಧಕ್ಕೂ ಬಗ್ಗದೆ ಮರುಕಳಿಸುತ್ತಿದ್ದರೆ ತೂಕ ಹೆಚ್ಚಿದ್ದರೂ ಶಸ್ತ್ರಕ್ರಿಯೆ ಮಾಡುವುದುಂಟು. ಆಗ ಅಪಾಯವನ್ನು ಅರಿತು ಒಪ್ಪಬೇಕು, ಅಂದವನ್ನು ನೆನೆದಲ್ಲ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಎಲೆಯಡಿಕೆಯೊಡನೆ ತಂಬಾಕು ಹಾಕುವುದನ್ನು ಯಾರೂ ಚಟವೆಂದು ಎಣಿಸುವುದಿಲ್ಲ. ಅದರೊಳಗಿನ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಗಾಯವನ್ನು ಮಾಗಗೊಡದು. ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ಬರಬೇಕು. ಶಾಕಾಹಾರಿಗಳಾದ ನಾವು ತೂಕ ಇಳಿಸುವ ಭರದಲ್ಲಿ ಬೇಳೆಕಾಳು, ಹಾಲು, ಮೊಸರುಗಳನ್ನೂ ಬಿಟ್ಟುಬಿಡುತ್ತೇವೆ. ಪ್ರೋಟೀನು ಇಲ್ಲದೆ ಗಾಯ ಕೂಡಲಾರದು.

ಅಲ್ಲಿಯವರೆಗೆ ಮಡಿಕೆಯನ್ನು ತೊಳೆದು, ಪೂರ್ತಿ ಒರೆಸಿ, ಒಣಗಿದ ತೆಳು ಹತ್ತಿಬಟ್ಟೆಯನ್ನಿಟ್ಟುಕೊಳ್ಳಿರಿ. ಹುಣ್ಣನ್ನು ಚರ್ಮವೈದ್ಯರಿಗೆ ತೋರಿಸಿರಿ, ಸಂಕೋಚ ಬೇಡ. ಪೂಜೆಗೆ ನೆಲದ ಮೇಲೆ ಕೂರಲಾಗದಿದ್ದರೆ ಕುರ್ಚಿಯಲ್ಲಿ ಕುಳಿತೇ ಮಾಡಿರಿ. ಶಸ್ತ್ರಕ್ರಿಯೆಯ ದಿನ ಇಷ್ಟಲಿಂಗವನ್ನು ಏನು ಮಾಡುವುದೆಂದೂ ಕೇಳಿದ್ದೀರಿ. ವೈದ್ಯರೊಡನೆ ಮೊದಲೇ ಮಾತನಾಡಿರಿ. ಮೈಮೇಲಿರಕೂಡದೆಂದರೆ ಮಗಳ ಕೈಗೆ ಒಪ್ಪಿಸಿ, ಎಚ್ಚರವಾದೊಡನೆ ಮರಳಿ ಧರಿಸಿರಿ.