ಮತವಿಲ್ಲದ ಸ್ವಯಂಸೇವಕನು

ತನಗೆ ಮತವಿಲ್ಲದವನು ಪರರ ಮತವನ್ನು ಯಾಚಿಸಿ ಮನೆಮನೆ ತಿರುಗುವುದು ಯುಕ್ತವೇ? ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಅಧ್ಯಕ್ಷ ಪದವಿಯ ಚುನಾವಣೆಯು ಸಮೀಪಿಸಿದಾಗಲೆಲ್ಲ, ಅಲ್ಲಿ ಉದ್ಯೋಗನಿಮಿತ್ತ ನೆಲೆಸಿದ ನಮ್ಮವರಲ್ಲಿ ಈ ಪ್ರಶ್ನೆಯು ಏಳುವುದುಂಟು. ಆ ದೇಶದ ಶಾಸನವು ಇದಕ್ಕೆ ಕೊಟ್ಟಿರುವ ಉತ್ತರವು ವಿಚಾರಾರ್ಹವಾದುದು. ಪೌರತ್ವವೂ ಶಾಶ್ವತ ವಾಸದ ಹಕ್ಕೂ ಇಲ್ಲದ ಪರದೇಶೀಯನು ಅಭ್ಯರ್ಥಿಗೆ ಒಂದು ಕಾಸನ್ನೂ ಕೊಡಕೂಡದು. ಪ್ರಚಾರದ ಧೋರಣೆಯನ್ನು ಗೊತ್ತುಮಾಡುವಲ್ಲಿ ಕೈಯಿಡಕೂಡದು. ಆದರೆ ವೇತನವಿಲ್ಲದೆ ತನ್ನ ಕಾಲುಗಳನ್ನೂ ನಾಲಗೆಯನ್ನೂ ಸವೆಯಿಸಬಹುದು. ಹಣಕ್ಕೆ ಮುಚ್ಚಿದ ಬಾಗಿಲನ್ನು ದುಡಿಮೆಗೆ ತೆರೆದಿಟ್ಟಿರುವ ಈ ಕಟ್ಟಳೆಯನ್ನು ರಚಿಸಿದವರು ಮನುಷ್ಯಸ್ವಭಾವವನ್ನು ಬಲ್ಲವರೇ ಸರಿ. ನಮ್ಮ ರಾಷ್ಟ್ರಪತಿಗಳನ್ನು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರೇ ಆರಿಸುವುದರಿಂದ, ಆ ಪದವಿಗಾಗಿ ಯಾರೂ ನಮ್ಮ ಕದವನ್ನು ತಟ್ಟುವುದಿಲ್ಲ. ಆದಕಾರಣ ವಾಚಕರಿಗೆ ಈ ವಿಷಯವು ತುಸು ಅಪರಿಚಿತವೆನಿಸಬಹುದು.

೨೦೦೮ನೆಯ ಇಸವಿಯಲ್ಲಿ ನಾವು ಚಿಕಾಗೋ ನಗರದಲ್ಲಿದ್ದೆವು. ಆ ನಗರವಿರುವ ಇಲಿನಾಯ್ ಸಂಸ್ಥಾನವು ಶ್ರೀ ಬರಾಕ್ ಒಬಾಮಾ ಅವರ ಸ್ವಂತ ನೆಲೆಯಾದುದರಿಂದ ಅಲ್ಲಿನ ಫಲವು ನಿಶ್ಚಿತವಾಗಿತ್ತು. ಅಲ್ಲಿ ಸ್ವಯಂಸೇವಕರಿಗೆ ಹೆಚ್ಚು ಕೆಲಸವಿರಲಿಲ್ಲ. ಅಧ್ಯಕ್ಷನು ಒಟ್ಟು ಜನರ ಮತದಿಂದ ಆಯ್ಕೆಯಾಗುವುದಿಲ್ಲ. ಸಂಸ್ಥಾನ ಸಂಸ್ಥಾನಗಳ ಲೆಕ್ಕದಲ್ಲಿ ಬರುವ ೫೩೮ ಪ್ರತಿನಿಧಿಮತಗಳಲ್ಲಿ ೨೭೦ನ್ನು ಗಳಿಸಿದವನೇ ಗೆದ್ದನು. ಇದರಿಂದಾಗಿ ಒಂದು ಸಂಸ್ಥಾನದ ಹೊಸ್ತಿಲು ಚಿನ್ನವಾಗಿಯೂ ನೆರೆಯದರ ಹೊಸ್ತಿಲು ಮಣ್ಣಾಗಿಯೂ ಪರಿಣಮಿಸುವ ಅನ್ಯಾಯವು ನಡೆಯುತ್ತ ಬಂದಿದೆ. ನಾವು ಇದನ್ನು ಮೆಚ್ಚಲಾರೆವು. ಆದರೂ ಗಡಿಯನ್ನು ದಾಟಿ, ೧೧ ಪ್ರತಿನಿಧಿಮತಗಳುಳ್ಳ ಇಂಡಿಯಾನಾ ಸಂಸ್ಥಾನದ ಗ್ಯಾರಿ ಎಂಬ ಪಟ್ಟಣಕ್ಕೆ ಹೋಗುವವರ ಜೊತೆಗೂಡಿದೆವು. ಆ ಸಂಸ್ಥಾನವು ೧೯೬೪ರಿಂದೀಚೆಗೆ ಒಮ್ಮೆಯೂ ಡೆಮೊಕ್ರ್ಯಾಟಿಕ್ ಪಕ್ಷದ ಕಡೆಗೆ ವಾಲಿರಲಿಲ್ಲ.

ಗ್ಯಾರಿಯು ಉಕ್ಕಿನ ಊರು. ೧೯೦೬ರಲ್ಲಿ ಉಕ್ಕಿನ ಕಂಪನಿಯೇ ಕಟ್ಟಿಸಿದ್ದು. ನಾವು ಕಂಡಾಗ ಅನೇಕ ಮನೆಗಳು ಪಾಳುಬಿದ್ದಿದ್ದವು. ಚುನಾವಣೆಯ ಹಿಂದಿನ ದಿನ, ನವೆಂಬರ್ ೩ ಸೋಮವಾರ, ನಮಗೆ ವಹಿಸಿದ ಕೆಲಸದಲ್ಲಿ ವಾದವಿವಾದಕ್ಕೆ ಎಡೆಯೇ ಇರಲಿಲ್ಲ. ಇಂಡಿಯಾನಾದಲ್ಲಿ ಮತದಾನವು ಬೆಳಿಗ್ಗೆ ಆರಕ್ಕೆ ಆರಂಭವಾಗಿ ಸಂಜೆ ಆರಕ್ಕೇ ಮುಗಿಯುತ್ತದೆ. ೧೮೪೫ರ ಶಾಸನದ ಪ್ರಕಾರ ಚುನಾವಣೆಯು ಮಂಗಳವಾರವೇ ಆಗತಕ್ಕದ್ದು. ನಮ್ಮಲ್ಲಿರುವಂತೆ ಕೂಲಿಕಾರನಿಗೆ ಸಂಬಳಸಹಿತ ರಜೆಯನ್ನು ಕೊಡಿಸುವ ದೇಶವ್ಯಾಪಿ ನಿಯಮವು ಅಲ್ಲಿಲ್ಲ. ಕುಲುಮೆಯ ಮುಂದೆ ಹಗಲಿಡೀ ದುಡಿದು ಬರುವವನು ಆರೂಕಾಲಿಗೆ ಬಂದನೆಂದರೆ ಅವನ ಪಾಲಿಗೆ ಪ್ರಜಾಪ್ರಭುತ್ವವು ನಾಲ್ಕು ವರ್ಷ ಮುಂದಕ್ಕೆ ಹೋಯಿತು. ಆದುದರಿಂದ ಮತಗಟ್ಟೆಯ ವಿಳಾಸವನ್ನೂ ವೇಳೆಯನ್ನೂ ಮುದ್ರಿಸಿದ ಚೀಟಿಯನ್ನು ಪ್ರತಿಯೊಬ್ಬನ ಕೈಗೆ ಕೊಟ್ಟು, ಬಾಯಿಂದಲೂ ಹೇಳಿ ಬರುವುದೇ ನಮ್ಮ ಕಾರ್ಯವಾಗಿತ್ತು. ಮಹತ್ತಾದ ಭಾಷಣಗಳಿಗಿಂತ ಈ ಚೀಟಿಯು ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

ಒಂದು ಮನೆಯ ಮುದುಕನು ನಮ್ಮ ಮುಖವನ್ನು ನಿರೀಕ್ಷಿಸಿ, ನಿಮಗೆ ನಾಳೆ ಮತವುಂಟೋ ಎಂದು ಕೇಳಿದನು. ಇಲ್ಲವೆಂದೆವು. ಕರಿಯ ಜನಾಂಗದ ಆತನು ಮಿಸಿಸಿಪ್ಪಿಯಲ್ಲಿ ಹುಟ್ಟಿ, ತಾರುಣ್ಯದಲ್ಲಿ ಉಕ್ಕಿನ ಕೆಲಸಕ್ಕಾಗಿ ಉತ್ತರಕ್ಕೆ ಬಂದವನು. ತನ್ನ ತಂದೆಯು ಒಮ್ಮೆಯೂ ಮತವನ್ನು ಹಾಕದೆ ತೀರಿಹೋದನೆಂದು ಹೇಳಿ, ಚೀಟಿಯನ್ನು ದೂರ ಹಿಡಿದು ಓದಿ, ಕದವನ್ನು ಮುಚ್ಚಿಕೊಂಡನು. ಯಾರಿಗೆ ಮತವೆಂದು ಅವನು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಆ ದಿನ ರಾತ್ರಿ ನಮ್ಮ ಮನಸ್ಸು ಜಯಾಪಜಯಗಳಿಗಿಂತ ಈ ಪ್ರಶ್ನೆಯಲ್ಲಿಯೇ ತೊಡಗಿತ್ತು. ೧೯೬೪ರ ಬೇಸಗೆಯಲ್ಲಿ ಉತ್ತರದ ಕಾಲೇಜುಗಳ ನೂರಾರು ವಿದ್ಯಾರ್ಥಿಗಳು ಅದೇ ಮಿಸಿಸಿಪ್ಪಿಗೆ ಹೋಗಿ, ಅಲ್ಲಿನ ಕರಿಯರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಲು ದುಡಿದರು. ಅಲ್ಲಿ ಅವರಿಗೂ ಮತವಿರಲಿಲ್ಲ. ಆ ಕಾರ್ಯದಲ್ಲಿದ್ದ ಮೂವರು ತರುಣರು ಜೂನ್ ತಿಂಗಳಲ್ಲಿ ಕೊಲೆಯಾದರು; ಮರುವರ್ಷ ಮತದಾನದ ಹಕ್ಕಿನ ಶಾಸನವು ಜಾರಿಗೆ ಬಂದಿತು. ನಮ್ಮ ನಾಡೂ ಈ ಬಗೆಯ ಸೇವೆಯನ್ನು ಅರಿಯದುದಲ್ಲ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ಅಮೇರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಲಾಲಾ ಲಜಪತರಾಯರ ಜೊತೆಗೂಡಿ ನಮ್ಮ ಸ್ವರಾಜ್ಯದ ಪಕ್ಷವನ್ನು ಆ ಜನರ ಮುಂದೆ ಮಂಡಿಸಿದರು. ೧೯೨೧ರಲ್ಲಿ ಮರಳಿ ಬಂದು, ೧೯೨೩ರ ಕಾಕಿನಾಡಾ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದುಸ್ಥಾನೀ ಸೇವಾದಳಕ್ಕೆ ಅಡಿಗಲ್ಲನ್ನಿಟ್ಟರು. ೧೯೩೭ರ ಪ್ರಾಂತೀಯ ಚುನಾವಣೆಗಳಲ್ಲಿ ಕಂದಾಯ, ತೆರಿಗೆ, ವಿದ್ಯೆಗಳ ಅರ್ಹತೆಯ ಜರಡಿಯಿಂದಾಗಿ ಆರು ಜನರಲ್ಲಿ ಒಬ್ಬನಿಗೂ ಮತವಿರಲಿಲ್ಲ. ಆಗ ಹಳ್ಳಿಹಳ್ಳಿಗೆ ನಡೆದು ಮತವನ್ನು ಬೇಡಿದ ಖಾದಿಯ ತರುಣರಲ್ಲಿ ಎಷ್ಟೋ ಮಂದಿ ತಾವು ಮತಗಟ್ಟೆಯ ಹೊಸ್ತಿಲನ್ನು ಮೆಟ್ಟುವ ಅಧಿಕಾರವಿಲ್ಲದವರು. ಅವರನ್ನು ನಾವು ಅನಧಿಕಾರಿಗಳೆನ್ನುವುದುಂಟೇ?

ಆದರೂ ಭೇದವೊಂದುಂಟು. ಅವರು ತಮ್ಮ ಮಣ್ಣಿನಲ್ಲಿ ನಿಂತು ಕೇಳಿದರು. ಪರದೇಶದ ಸ್ವಯಂಸೇವಕನು ಸೋತರೆ ಗಂಟುಕಟ್ಟಿಕೊಂಡು ಊರಿಗೆ ಬರಬಲ್ಲನು. ಗ್ಯಾರಿಯ ಮುದುಕನು ಎಲ್ಲಿಗೂ ಹೋಗಲಾರನು. ಫಲದ ಭಾರವನ್ನು ಹೊರದವನಿಗೆ ಅತ್ಯುಕ್ತಿಯ ಅಧಿಕಾರವಿಲ್ಲ, ಪರನಿಂದೆಯ ಅಧಿಕಾರವಂತೂ ಮೊದಲೇ ಇಲ್ಲ. ಅದೇ ಅಕ್ಟೋಬರಿನಲ್ಲಿ ಮಿನ್ನೆಸೋಟಾದ ಸಭೆಯೊಂದರಲ್ಲಿ, ಪ್ರತಿಪಕ್ಷದ ಅಭ್ಯರ್ಥಿ ಶ್ರೀ ಜಾನ್ ಮಕೇನರು, ಒಬಾಮಾ ಅರಬನೆಂದು ದೂರಿದ ತಮ್ಮ ಬೆಂಬಲಿಗಳೊಬ್ಬಳ ಕೈಯಿಂದ ಧ್ವನಿವರ್ಧಕವನ್ನು ತೆಗೆದುಕೊಂಡು, ಆತನು ಸಭ್ಯನಾದ ಸಂಸಾರಸ್ಥನೆಂದೂ ಪೌರನೆಂದೂ ತಿದ್ದಿದರು. ಅವರ ವಿರುದ್ಧ ದುಡಿಯುತ್ತಿದ್ದ ನಮಗೆ ಅಂದು ಅವರಲ್ಲಿ ಹುಟ್ಟಿದ ಗೌರವವು ಇಂದಿಗೂ ಕುಂದಿಲ್ಲ.

ನಮ್ಮಲ್ಲಿ ಈಗ ಧ್ವಜವನ್ನು ಹಿಡಿಯುವವನಿಗೆ ದಿನಗೂಲಿ, ಘೋಷಣೆ ಕೂಗುವವನಿಗೆ ಊಟ, ಮೋಟಾರಿನಲ್ಲಿ ಕುಳಿತವನಿಗೆ ಬೇರೆ ದರವೆಂಬ ವಾಡಿಕೆಯು ಎಷ್ಟೋ ಕಡೆ ಬೇರೂರಿದೆ. ಕೂಲಿಗೆ ಬಂದವನನ್ನು ನಾವು ಹಳಿಯುವುದಿಲ್ಲ. ಅವನ ಮನೆಯಲ್ಲಿ ಒಲೆ ಉರಿಯಬೇಕು. ಆದರೆ ಅವನನ್ನು ಕಾರ್ಯಕರ್ತನೆಂದು ಕರೆಯುವ ಪಕ್ಷಗಳು, ಬಾಗಿಲಲ್ಲಿ ನಿಂತ ಮತದಾರನಿಗೆ ಅವನು ಏನೆಂದು ಕಾಣುತ್ತಾನೆಂಬುದನ್ನು ಯೋಚಿಸಿದಂತಿಲ್ಲ.

ಮರುದಿನ ಸಂಜೆ ಆರಕ್ಕೆ ಇಂಡಿಯಾನಾದ ಮತಗಟ್ಟೆಗಳು ಮುಚ್ಚಿದವು. ಸುಮಾರು ೨೭ ಲಕ್ಷ ಮತಗಳಲ್ಲಿ ಒಬಾಮಾ ಅವರಿಗೆ ದೊರೆತ ಅಂತರವು ೨೮ ಸಾವಿರದಷ್ಟು; ೪೪ ವರ್ಷಗಳ ಮೇಲೆ ಆ ಸಂಸ್ಥಾನವು ಮಗ್ಗುಲು ಬದಲಾಯಿಸಿತ್ತು. ಮಿಸ್ಸೂರಿಯಲ್ಲಾದರೋ, ಅಷ್ಟೇ ಬೆವರನ್ನು ಸುರಿಸಿದ ಸ್ವಯಂಸೇವಕರು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತು, ಉಳಿದ ಚೀಟಿಗಳನ್ನು ಕಟ್ಟಿಟ್ಟು ಮನೆಗೆ ನಡೆದರು.