ಇದು ಸೇಡಿನ ಪಂದ್ಯ ಅಲ್ಲ, ಆ ಫ್ಲೆಕ್ಸ್ ಬೇಡ



ಶಾಲಾ ಕಬಡ್ಡಿಯ ನಾಕೌಟ್‌ನಲ್ಲಿ ಮಕ್ತಲ್ ಕಡೆಯ ನಮ್ಮ ಹೈಸ್ಕೂಲ್ ಹುಡುಗರಿಗೆ ಈ ವರ್ಷವೂ ಗದ್ವಾಲ್ ಕಡೆಯ ಅದೇ ತಂಡ ಎದುರಾಗಿದೆ. ಕಳೆದ ವರ್ಷ ಇದೇ ಹಂತದಲ್ಲಿ ನಾವು ಒಂದೇ ಒಂದು ಪಾಯಿಂಟ್‌ನಿಂದ ಸೋತಿದ್ದೆವು. ಈ ಸುದ್ದಿ ಗೊತ್ತಾದ ಸಂಜೆಯಿಂದ ನಮ್ಮ ಯುವಕರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಒಂದೇ ಮಾತು: ‘ಸೇಡಿನ ಪಂದ್ಯ’. ಭಾನುವಾರ ಆರಾಧನೆ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ನನ್ನ ಹತ್ತಿರ ಬಂದು, “ಅಣ್ಣಾ, ಈ ಸಲ ಅವರನ್ನ ಬಿಡಂಗಿಲ್ಲ. ಫ್ಲೆಕ್ಸಿಗೆ ನೀವೆಷ್ಟು ಕೊಡ್ತೀರಿ?” ಅಂದ.

ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೋಪ ಬಂದವರು ಪೂರ್ತಿ ಓದಿ, ಆಮೇಲೆ ಬಯ್ಯಿರಿ.

ಮೊದಲು ನನ್ನ ತಪ್ಪು. ಕಳೆದ ವರ್ಷದ ಫ್ಲೆಕ್ಸಿಗೆ ಮನೆಮನೆ ತಿರುಗಿ ಹಣ ಎತ್ತಿದವನು ನಾನೇ. ಅಂಕಣದ ಗೆರೆಯ ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ. ಕೊನೆಯ ಒಂದು ನಿಮಿಷ ಇದ್ದಾಗ ನಾವು ಒಂದು ಪಾಯಿಂಟ್ ಮುಂದಿದ್ದೆವು. ರೈಡ್ ನಮ್ಮದು. ನಮ್ಮ ಹುಡುಗ ಬಾಕ್ ಲೈನ್ ದಾಟಿ, ಸಮಯ ಕಳೆದು, ಸುಮ್ಮನೆ ವಾಪಸ್ ಬಂದಿದ್ದರೆ ಸಾಕಿತ್ತು. ಅವನು ತಿರುಗಿದ್ದ ಕೂಡ. ಆಗ ನಾವೆಲ್ಲ “ಬರಬೇಡ, ಹೊಡಿ, ಹೊಡಿ” ಅಂತ ಅರಚಿದೆವು. ಮತ್ತೆ ಒಳಗೆ ಹೋದ. ಎದುರಿನವರು ಕಾಲು ಹಿಡಿದರು. ಲೆಕ್ಕ ಸಮ ಆಯಿತು. ಮುಂದಿನ ರೈಡ್‌ನಲ್ಲಿ ಅವರು ಒಂದು ಪಾಯಿಂಟ್ ತೆಗೆದುಕೊಂಡು ಹೋದರು.

ಅಂಪೈರ್ ಮೋಸ ಮಾಡಿದ ಅಂತ ನಾವು ಊರೆಲ್ಲಾ ಹೇಳಿಕೊಂಡು ತಿರುಗಿದೆವು. ಮೋಸ ಏನೂ ಆಗಿರಲಿಲ್ಲ. ಹದಿನೈದು ವರ್ಷದ ಹುಡುಗನೊಬ್ಬ ತನ್ನ ಪಿಇಟಿ ಸರ್ ಹೇಳಿಕೊಟ್ಟಿದ್ದನ್ನು ಬಿಟ್ಟು ನಮ್ಮ ಮಾತು ಕೇಳಿದ, ಅಷ್ಟೇ. ಆ ಸೋಲಿನ ಭಾರವನ್ನು ಒಂದು ವರ್ಷದಿಂದ ಅವನು ಒಬ್ಬನೇ ಹೊತ್ತಿದ್ದಾನೆ. ಈಗ ‘ಸೇಡು’ ಅನ್ನುವ ಇನ್ನೊಂದು ಮೂಟೆಯನ್ನು ಅವನ ಹೆಗಲಿಗೆ ಹಾಕಲು ಹೊರಟಿದ್ದೇವೆ.

ಸೇಡಿನ ಬಿಸಿಯಲ್ಲಿ ತಲೆ ಕೆಲಸ ಮಾಡುವುದಿಲ್ಲ. ದೊಡ್ಡವರ ಆಟದಲ್ಲೂ ಇದೇ ಕಥೆ. ನಮ್ಮ ಕಡೆ ಫುಟ್‌ಬಾಲ್ ಆಡುವವರು ಕಡಿಮೆ, ಆದರೂ ಮೊಬೈಲಿನಲ್ಲಿ ನೋಡುವವರು ಇದ್ದೀರಿ. 2023ರ ಮಾರ್ಚ್ 3, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ಪ್ಲೇಆಫ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ, ಕೇರಳದವರು ಅಡ್ಡಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಒಪ್ಪಿದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿನಿಂದ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು.

ಲೆಕ್ಕ ಹಾಕಿ. ಹೆಚ್ಚುವರಿ ಸಮಯ 30 ನಿಮಿಷ. ಇನ್ನೂ 24 ನಿಮಿಷ ಆಟ ಬಾಕಿ ಇತ್ತು. ಒಂದು ಗೋಲು ತೀರಿಸಲು ಅದು ಕಡಿಮೆ ಸಮಯವೇ? ಆ 24 ನಿಮಿಷವನ್ನು ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ, ಅವರೇ ಬಿಟ್ಟುಕೊಟ್ಟರು. ಪಂದ್ಯ ಬೆಂಗಳೂರಿನ ಪಾಲಾಯಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ 10 ಪಂದ್ಯಗಳ ನಿಷೇಧ. ಆರು ವಾರ ಕಳೆದು ಏಪ್ರಿಲ್ 16ರಂದು ಕೋಯಿಕ್ಕೋಡ್‌ನಲ್ಲಿ, ಸೂಪರ್ ಕಪ್‌ನಲ್ಲಿ, ಅದೇ ಎರಡು ತಂಡಗಳು ಮತ್ತೆ ಎದುರಾದವು. ‘ಸೇಡು, ಸೇಡು’ ಎಂಬ ಗದ್ದಲವೋ ಗದ್ದಲ. ಫಲಿತಾಂಶ 1-1. ಕೋಪ ಒಂದು ಗೋಲನ್ನೂ ಹೆಚ್ಚಿಗೆ ತಂದುಕೊಡಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಬೇಜಾರಾದರೂ ಸರಿ. ಈ ಸಲದ ಸ್ಟೇಟಸ್‌ಗಳಲ್ಲಿ ‘ಅವರು ತೆಲುಗಿನವರು, ನಾವು ಕನ್ನಡದವರು’ ಎಂಬ ಮಾತೂ ಸೇರಿಕೊಂಡಿದೆ. ಇದನ್ನು ಬರೆದವರಿಗೆ ಒಂದು ಪ್ರಶ್ನೆ: 1956ರ ತನಕ ಗದ್ವಾಲ್ ಯಾವ ಜಿಲ್ಲೆಯಲ್ಲಿತ್ತು ಗೊತ್ತೇ? ರಾಯಚೂರು ಜಿಲ್ಲೆಯಲ್ಲಿ. ರಾಜ್ಯಗಳ ಗಡಿ ಹೊಸದಾಗಿ ಹಾಕಿದಾಗ ಗದ್ವಾಲ್, ಆಲಂಪುರ ತಾಲ್ಲೂಕುಗಳು ಮಹಬೂಬ್‌ನಗರಕ್ಕೆ ಸೇರಿದವು. ಆಮೇಲೆ 2016ರಲ್ಲಿ ಗದ್ವಾಲ್ ಬೇರೆ ಜಿಲ್ಲೆ ಆಯಿತು, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆ ಆಯಿತು. ಗಡಿ ಇಷ್ಟು ಸಲ ಬದಲಾಗಿದೆ, ನಡುವಿನ ಕೃಷ್ಣಾ ನದಿ ಅದೇ ಇದೆ. ನಮ್ಮ ಸಭೆಯ ಎಷ್ಟು ಮನೆಗಳಿಂದ ಅಕ್ಕ ತಂಗಿಯರನ್ನು ಹೊಳೆಯಾಚೆ ಕೊಟ್ಟಿದ್ದೇವೆ ಎಣಿಸಿ ನೋಡಿ. ನೀವು ಬಯ್ಯುತ್ತಿರುವ ಆ ತಂಡದಲ್ಲಿ ನಿಮ್ಮ ಅಕ್ಕನ ಮಗನೇ ಇರಬಹುದು.

ಬೆಂಗಳೂರು ಬುಲ್ಸ್ ಅಭಿಮಾನಿಗಳಿಗೂ ಒಂದು ನೆನಪು. 2019ರ ಜನವರಿಯ ಫೈನಲ್‌ನಲ್ಲಿ 22 ಪಾಯಿಂಟ್ ತಂದು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ ಪವನ್ ಸೆಹ್ರಾವತ್ ಅವರನ್ನು 2023ರಲ್ಲಿ ತೆಲುಗು ಟೈಟನ್ಸ್ ಎರಡೂವರೆ ಕೋಟಿಗೂ ಹೆಚ್ಚು ಕೊಟ್ಟು ಕೊಂಡಿತು. ನೀವು ಚಪ್ಪಾಳೆ ಹೊಡೆದ ಆಟಗಾರನೇ ಎದುರು ತಂಡದ ಅಂಗಿ ತೊಟ್ಟು ಬಂದ. ಅಂಗಿಯ ಮೇಲಿನ ದ್ವೇಷಕ್ಕೆ ಇರುವ ಬೆಲೆ ಇಷ್ಟೇ.

ಫ್ಲೆಕ್ಸಿನ ಮೇಲೆ ಸಭೆಯ ಯುವಕರ ಹೆಸರು ಹಾಕಬೇಕು ಅನ್ನುವವರಿಗೆ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿನ ಕಥೆ ಹೇಳುತ್ತೇನೆ. 1887ರಲ್ಲಿ ವಾಲ್‌ಫ್ರಿಡ್ ಎಂಬ ಕಥೋಲಿಕ ಬ್ರದರ್ ಅದನ್ನು ಕಟ್ಟಿದ್ದು ಬಡ ಮಕ್ಕಳ ಊಟಕ್ಕೆ ಹಣ ಕೂಡಿಸಲು. ಮುಂದೆ ಅದೇ ಊರಿನ ರೇಂಜರ್ಸ್ ಪ್ರೊಟೆಸ್ಟೆಂಟರ ತಂಡ, ಸೆಲ್ಟಿಕ್ ಕಥೋಲಿಕರ ತಂಡ ಎಂದಾಯಿತು. 1989ರಲ್ಲಿ ಮೋ ಜಾನ್‌ಸ್ಟನ್ ಎಂಬ ಕಥೋಲಿಕ ಆಟಗಾರ ರೇಂಜರ್ಸ್ ಸೇರಿದಾಗ ಆ ಕ್ಲಬ್ಬಿನ ಕೆಲವು ಅಭಿಮಾನಿಗಳು ತಮ್ಮ ತಂಡದ ಸ್ಕಾರ್ಫನ್ನೇ ಸುಟ್ಟರು. ಹಸಿದ ಮಕ್ಕಳ ತಟ್ಟೆಗಾಗಿ ಶುರುವಾದ ಆಟಕ್ಕೆ ಸಭೆಗಳ ಜಗಳ ಅಂಟಿಕೊಂಡಿತು. ನಮ್ಮ ಸಭೆಯ ಹೆಸರು ಅಂಥ ಜಾಗಕ್ಕೆ ಹೋಗುವುದು ಬೇಡ.

“ನಿನಗೆ ವಯಸ್ಸಾಯಿತು ಅಣ್ಣಾ, ಆಟದಲ್ಲಿ ಸ್ವಲ್ಪ ಖಾರ ಬೇಡವಾ?” ಎಂದು ಕೇಳುತ್ತೀರಿ. ಬೇಕು. ನಾನು ‘ಗೆದ್ದರೂ ಒಂದೇ, ಸೋತರೂ ಒಂದೇ’ ಅನ್ನುವವನಲ್ಲ. ಗೆಲ್ಲಲೇಬೇಕು. ಹಲಗೆ ಬಾರಿಸಿ, ಗಂಟಲು ಹರಿಯುವ ತನಕ ನಮ್ಮ ಹುಡುಗರ ಹೆಸರು ಕೂಗಿ. ಆದರೆ ಸೇಡು ಬೇರೆ, ಪಂದ್ಯ ಬೇರೆ. ಸೇಡು ತೀರಿಸುವವನು ಎದುರಿನವನ ಮುಖ ನೋಡುತ್ತಾನೆ. ಮರುಪಂದ್ಯಕ್ಕೆ ತಯಾರಾಗುವವನು ತನ್ನ ಕಳೆದ ವರ್ಷದ ತಪ್ಪು ನೋಡುತ್ತಾನೆ. ನಮ್ಮ ಹುಡುಗರು ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಆ ತಪ್ಪನ್ನೇ ತಿದ್ದಿಕೊಳ್ಳುತ್ತಿದ್ದಾರೆ. ಕೆಡಿಸುತ್ತಿರುವವರು ಹೊರಗೆ ನಿಂತ ನಾವು.

ಆದ್ದರಿಂದ ಮೂರು ಕೆಲಸ ಮಾಡೋಣ. ಒಂದು, ಫ್ಲೆಕ್ಸ್ ಬೇಡ. ಆ ದುಡ್ಡಿನಲ್ಲಿ ಎರಡೂ ತಂಡಗಳಿಗೆ ನೀರು, ಬಾಳೆಹಣ್ಣು ತರೋಣ. ಎರಡು, ಭಾಷೆ ಹಿಡಿದು ಬಯ್ದ ಸ್ಟೇಟಸ್‌ಗಳನ್ನು ಇವತ್ತೇ ಅಳಿಸಿ. ಮೂರು, ರೈಡ್ ನಡೆಯುವಾಗ ಹೊರಗಿನಿಂದ ಯಾರೂ ಆಟ ಹೇಳಿಕೊಡಬೇಡಿ. ಅಂಪೈರ್ ಹತ್ತಿರ ಕೇಳುವುದಿದ್ದರೆ ಕ್ಯಾಪ್ಟನ್ ಕೇಳಲಿ.

ಅಪ್ಪ ಅಮ್ಮಂದಿರೇ, ನೀವೂ ಬನ್ನಿ. ಸೋತರೆ ಮನೆಯಲ್ಲಿ ಅಂಪೈರ್‌ನನ್ನು ಬಯ್ಯದೆ ಊಟಕ್ಕೆ ಬಡಿಸಿ.

ಕಳೆದ ವರ್ಷ ಸೋತ ಆ ಹುಡುಗನ ಹತ್ತಿರ ನಾನು ನಿನ್ನೆ ಹೋಗಿ ಕ್ಷಮೆ ಕೇಳಿದೆ. ಅವನು ನಕ್ಕು, “ಈ ಸಲ ಕೂಗಬ್ಯಾಡ್ರಿ ಅಣ್ಣಾ, ನಾ ವಾಪಸ್ ಬರ್ತೀನಿ” ಅಂದ.

ನಾನು ಕೂಗುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ನೀವು?