ಜಾನಿಗೆ ವೇಷ ಇತ್ತು, ನಮ್ಮ ಅಣ್ಣಂದಿರಿಗೆ ಇಲ್ಲ

ಚಿಕ್ಕಪ್ಪನ ಮಗ ಹತ್ತನೇ ಕ್ಲಾಸು. ಊಟಕ್ಕೆ ಕೂತರೂ ನೀರಿನ ಚೊಂಬಿಗೆ ಫೋನು ಒರಗಿಸಿಕೊಂಡು ಗೇಮಿಂಗ್ ವಿಡಿಯೋ ನೋಡುತ್ತಾನೆ. ಕನ್ನಡದಲ್ಲೇ ಮಾತಾಡುವ ಅಣ್ಣಂದಿರು, ಚೆನ್ನಾಗೇ ಮಾತಾಡುತ್ತಾರೆ. ಒಂದು ದಿನ ಪಕ್ಕದಲ್ಲಿ ಕೂತು ಅರ್ಧ ಗಂಟೆ ನಾನೂ ನೋಡಿದೆ. ಹೊಸ ಡ್ರೆಸ್ಸು ಬಂದಿದೆ ಗುರೂ, ಬೆಂಕಿ. ಹೊಸ ಗನ್ ಸ್ಕಿನ್, ಅದೂ ಬೆಂಕಿ. ಸ್ಪಿನ್ ಮಾಡಿ, ಟಾಪ್-ಅಪ್ ಮಾಡಿ. "ಇದು ದಂಡ, ದುಡ್ಡು ಹಾಕಬೇಡಿ" ಅಂತ ಒಬ್ಬನ ಬಾಯಲ್ಲೂ ಬರಲಿಲ್ಲ.

ನೋಡುತ್ತಾ ಕೂತಾಗ ನನಗೆ ನೆನಪಾದವನು ಜಾನಿ ಎಕ್ಸ್‌ಟ್ರೀಮ್.

ಜಾನಿ ಯಾರು ಅಂತ ಹೇಳುತ್ತೇನೆ. ಅಮೆರಿಕದ ಕೇಬಲ್ ಟಿವಿಯಲ್ಲಿ ಎಕ್ಸ್-ಪ್ಲೇ ಅಂತ ಒಂದು ಕಾರ್ಯಕ್ರಮ ಬರುತ್ತಿತ್ತು. 1998ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 2003ರಲ್ಲಿ ಈ ಹೆಸರು ಪಡೆದು, 2013ರಲ್ಲಿ ನಿಂತಿತು. ಆಡಂ ಸೆಸ್ಲರ್, ಮಾರ್ಗನ್ ವೆಬ್ ಎಂಬ ಇಬ್ಬರು ಹೊಸ ವಿಡಿಯೋ ಗೇಮ್‌ಗಳನ್ನು ಆಡಿ ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಿದ್ದರು. ಕೆಟ್ಟ ಆಟಕ್ಕೆ 1 ಕೊಡಲು ಹಿಂದೆಮುಂದೆ ನೋಡುತ್ತಿರಲಿಲ್ಲ. ವಿಮರ್ಶೆಗಳ ನಡುವೆ ಸಣ್ಣ ಸಣ್ಣ ಪ್ರಹಸನ, ಅದರಲ್ಲಿ ಮತ್ತೆ ಮತ್ತೆ ಬರುವ ಪಾತ್ರಗಳು. ಹಳೆಯ ತುಣುಕುಗಳು ಈಗಲೂ ಯೂಟ್ಯೂಬಿನಲ್ಲಿ ಸಿಗುತ್ತವೆ.

ಎಲ್ಲವೂ ಚೆನ್ನಾಗಿದ್ದವು ಅಂತೇನಲ್ಲ. ಜೆಲ್ಡಾ ಆಟಗಳ ನಾಯಕ ಲಿಂಕ್ ಇದ್ದಾನಲ್ಲ, ಆಟದಲ್ಲಿ ಬಾಯಿ ಬಿಡದ ವೀರ, ಅವನನ್ನು ಇಲ್ಲಿ ಕುಡುಕನನ್ನಾಗಿ ಮಾಡಿದ್ದರು. ಮೊದಲ ಸಲ ನಗು ಬರುತ್ತದೆ. ಆಮೇಲೆ ಸಾಕಪ್ಪಾ ಅನಿಸುತ್ತದೆ.

ಆದರೆ ಜಾನಿ ಬೇರೆ. ಸದಾ ಕಿರುಚುವ, ಸದಾ ಶಕ್ತಿ ಪಾನೀಯ ಕುಡಿಯುವ, ಎಲ್ಲದಕ್ಕೂ "ಎಕ್ಸ್‌ಟ್ರೀಮ್" ಅನ್ನುವ ಆಸಾಮಿ. ಗೇಮ್ ಆಡುವ ಹುಡುಗ ಅಂದರೆ ಹೀಗಿರುತ್ತಾನೆ ಅಂತ ಕಂಪನಿಗಳ ಮಾರಾಟದವರು ಏನು ಕಲ್ಪನೆ ಮಾಡಿಕೊಂಡಿದ್ದರೋ, ಆ ಕಲ್ಪನೆಗೇ ಅಂಗಿ ತೊಡಿಸಿ ನಿಲ್ಲಿಸಿದ ಹಾಗಿದ್ದ. ಇದು ಉತ್ಪ್ರೇಕ್ಷೆ ಅನ್ನುವ ಹಾಗೂ ಇಲ್ಲ. 2007ರಲ್ಲಿ ಹಾಲೋ 3 ಆಟ ಬಂದಾಗ ಮೌಂಟನ್ ಡ್ಯೂ ಕಂಪನಿ ನಿಜವಾಗಿಯೇ "ಗೇಮ್ ಫ್ಯೂಯಲ್" ಹೆಸರಿನ ಪಾನೀಯವನ್ನು ಅಂಗಡಿಗೆ ಬಿಟ್ಟಿತ್ತು.

ಇಂಥ ಪಾತ್ರ ಒಂದೇ ಸಲ ಬಂದು ಹೋದರೆ ಅದು ಬರೀ ಜೋಕು. ವಾರ ವಾರ ಬಂದರೆ ಕೆಲಸ ಶುರುವಾಗುತ್ತದೆ. ನಾಲ್ಕು ಸಲ ನೋಡಿದ ಹುಡುಗನಿಗೆ ಆ ದನಿಯ ಗುರುತು ಸಿಗುತ್ತದೆ. ಆಮೇಲೆ ನಿಜವಾದ ಜಾಹೀರಾತಿನಲ್ಲಿ ಯಾರೋ ಅದೇ ಥರ ಕಿರುಚಿದರೆ, "ಓ, ಜಾನಿ ಬಂದ" ಅಂತ ನಗುತ್ತಾನೆ. ಜೇಬಿಗೆ ಕೈ ಹಾಕುವ ಮುಂಚೆ ನಗು ಬಂದರೆ ಅರ್ಧ ದುಡ್ಡು ಉಳಿಯಿತು. ನಮ್ಮ ಯಕ್ಷಗಾನದ ಹಾಸ್ಯಗಾರನೂ ಹೀಗೇ ಅಲ್ಲವೇ? ರಾಜನ ಮುಂದೆ ಬೇರೆ ಯಾರೂ ಆಡಲಾಗದ ಮಾತನ್ನು ದೂತನಾಗಿ ಬಂದು ಆಡಿ ಹೋಗುತ್ತಾನೆ.

"ಆ ಚಾನೆಲ್ಲೂ ಗೇಮ್ ಜಾಹೀರಾತಿನ ದುಡ್ಡಲ್ಲೇ ನಡೀತಿತ್ತಲ್ಲ" ಅಂತ ಕೇಳಬಹುದು. ನಿಜ. ಅದಕ್ಕೇ ನನಗೆ ಜಾನಿ ಇಷ್ಟ. ಅನ್ನ ಹಾಕುವವನನ್ನೇ ಅಣಕಿಸಲು ಸ್ವಲ್ಪ ಧೈರ್ಯ ಬೇಕು.

ಜಾಹೀರಾತಿನ ಹಂಗಿಲ್ಲದ ಕಡೆ ಇಂಥ ಪಾತ್ರ ಹೇಗಿರುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾ ನೋಡಿ. ಅಲ್ಲಿನ ಸಾರ್ವಜನಿಕ ವಾಹಿನಿ ಎಬಿಸಿ, 2010ರಲ್ಲಿ ಮಕ್ಕಳಿಗಾಗಿ ಗುಡ್ ಗೇಮ್ ಸ್ಪಾನ್ ಪಾಯಿಂಟ್ ಶುರು ಮಾಡಿತು. ನಿರೂಪಕರ ಜೊತೆ ಡ್ಯಾರೆನ್ ಅಂತ ಒಂದು ರೋಬೋಟ್. ಅದರ ಹೆಸರು ಬಿಡಿಸಿದರೆ "ನೂಬ್‌ಗಳನ್ನು ನಿರ್ನಾಮ ಮಾಡುವ ರೋಬೋಟ್" ಅಂತ ಬರುತ್ತದೆ. ಆಟ ಬಾರದವನಿಗೆ ನೂಬ್ ಅನ್ನುವುದು ಈಗ ನಮ್ಮೂರ ಹುಡುಗರ ಬಾಯಲ್ಲೂ ಇದೆ, ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಕಾರ್ಯಕ್ರಮದಲ್ಲಿ ಆಟಕ್ಕೆ ಕೊಡುತ್ತಿದ್ದದ್ದು ನಕ್ಷತ್ರ ಅಲ್ಲ, ರಬ್ಬರ್ ಕೋಳಿ! ಐದಕ್ಕೆ ಇಷ್ಟು ಕೋಳಿ ಅಂತ. ಅಂಕ ಅನ್ನುವುದು ವೇದವಾಕ್ಯ ಅಲ್ಲ, ಒಬ್ಬರ ಅಭಿಪ್ರಾಯ ಅಷ್ಟೆ ಅಂತ ಮಕ್ಕಳಿಗೆ ಇದಕ್ಕಿಂತ ಸುಲಭವಾಗಿ ಹೇಗೆ ಹೇಳುವುದು?

ನಮ್ಮ ಮನೆಯ ಕಥೆಗೆ ಬರುತ್ತೇನೆ. ಹೋದ ದಸರಾ ರಜೆಯಲ್ಲಿ ಚಿಕ್ಕಮ್ಮನ ಖಾತೆಗೆ ಡೇರಿಯ ಹಾಲಿನ ಬಟವಾಡೆ ಬಂದಿತ್ತು. ಅದರಲ್ಲಿ 800 ರೂಪಾಯಿ ಟಾಪ್-ಅಪ್‌ಗೆ ಹೋಯಿತು. ಪಿನ್ ನಂಬರ್ ಅವನಿಗೆ ಗೊತ್ತಿತ್ತು. ಚಿಕ್ಕಪ್ಪ ಹೊಡೆದರು, ಅವನು ಅತ್ತ, ಮಾರನೇ ದಿನ ಮತ್ತೆ ಅದೇ ವಿಡಿಯೋ. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು, ಸರಿ. ಆದರೆ ಆಟದೊಳಗಿನ ಅಂಗಿ, ಬಂದೂಕಿನ ಬಣ್ಣ ಕೊಳ್ಳುವುದಕ್ಕೆ ಆ ನಿಷೇಧ ತಾಗುವುದಿಲ್ಲ. ತಾಗಬೇಕು ಅಂತ ನಾನು ಹೇಳುತ್ತಲೂ ಇಲ್ಲ. ಕೊಳ್ಳುವುದು ತಪ್ಪಲ್ಲ. ಕೊಳ್ಳು ಅನ್ನುವವನು ಯಾರು, ಯಾಕೆ ಅನ್ನುತ್ತಿದ್ದಾನೆ ಅಂತ ಹುಡುಗನಿಗೆ ಗೊತ್ತಾಗಬೇಕು. ಜಾನಿಗೆ ವೇಷ ಇತ್ತು, ನೋಡಿದ ಕೂಡಲೇ ತಿಳಿಯುತ್ತಿತ್ತು. ನಮ್ಮ ಅಣ್ಣಂದಿರು ಸಾದಾ ಟೀ ಶರ್ಟ್ ಹಾಕಿಕೊಂಡು, ನಮ್ಮದೇ ಭಾಷೆಯಲ್ಲಿ, ಸ್ನೇಹಿತನ ಹಾಗೆ ಹೇಳುತ್ತಾರೆ.

ಅದಕ್ಕೇ ಕನ್ನಡದಲ್ಲಿ ಗೇಮಿಂಗ್ ಚಾನೆಲ್ ನಡೆಸುವವರಿಗೆ ಒಂದು ಕೋರಿಕೆ. ನಿಮ್ಮಲ್ಲಿ ಮಿಮಿಕ್ರಿ ಬರುವವರು ಬೇಕಾದಷ್ಟು ಜನ ಇದ್ದೀರಿ. ಒಬ್ಬ "ಡೈಮಂಡ್ ಅಣ್ಣ"ನನ್ನು ಹುಟ್ಟಿಸಿ. ಮೈತುಂಬ ಮಿರಿಮಿರಿ ಬಟ್ಟೆ, ಕೈಯಲ್ಲಿ ಅಮ್ಮನ ಫೋನು, ಪ್ರತಿ ಸ್ಪಿನ್‌ಗೂ "ಇದೇ ಲಾಸ್ಟ್ ಗುರೂ" ಅನ್ನಬೇಕು. ವಾರಕ್ಕೆ ಎರಡು ನಿಮಿಷ ಸಾಕು. ಮೊದಲ ವಿಡಿಯೋ ಬಂದ ದಿನ ಲಿಂಕ್ ಕಳಿಸಿ, ಚೊಂಬಿಗೆ ಒರಗಿದ ಆ ಫೋನಿನಲ್ಲಿ ನಾನೇ ಹಾಕಿ ಕೊಡುತ್ತೇನೆ.